ಕೂಸಿನ ಲಸಿಕೆ: ಬೇಕೇಬೇಕಾದದ್ದು, ಬೇಕೆನಿಸಿದ್ದು

(ಬಾನುಲಿ ಭಾಷಣ)

ಮನೆಯಲ್ಲಿ ತೊಟ್ಟಿಲು ಕಟ್ಟಿದ ದಿನದಿಂದ ಹಿರಿಯರಿಗೂ ಕಿರಿಯರಿಗೂ ಇರುವ ಚಿಂತೆ ಒಂದೇ. ಕೂಸು ನೆಟ್ಟಗೆ ಬೆಳೆಯಬೇಕು. ಹಾಲು ಸಾಕಾಯಿತೆ, ನಿದ್ದೆ ಬಂದಿತೆ, ಯಾರದಾದರೂ ದೃಷ್ಟಿ ತಾಕಿತೆ ಎಂದು ದಿನಕ್ಕೆ ಹತ್ತು ಸಲ ಕೇಳಿಕೊಳ್ಳುತ್ತೇವೆ. ಈಚೆಗೆ ಈ ಪ್ರಶ್ನೆಗಳ ಸಾಲಿಗೆ ಮತ್ತೊಂದು ಸೇರಿದೆ. ಹೆರಿಗೆಯಾಗಿ ಮನೆಗೆ ಮರಳುವಾಗಲೋ, ಮಗುವನ್ನು ಮೊದಲ ಸಲ ಪೇಟೆಯ ವೈದ್ಯರಿಗೆ ತೋರಿಸುವಾಗಲೋ ಕೈಗೆ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ಲಸಿಕೆಗಳ ಹೆಸರು ಸಾಲಾಗಿ ಇರುತ್ತವೆ. ಕೆಲವು ಸರ್ಕಾರದಿಂದ ಪುಕ್ಕಟೆಯಾಗಿ ದೊರೆಯತಕ್ಕವು. ಕೆಲವು ಹಣ ತೆತ್ತು ಹಾಕಿಸತಕ್ಕವು. ಈ ಎರಡನೆಯ ಬಗೆಯವುಗಳ ಮುಂದೆ ‘ಐಚ್ಛಿಕ’ ಎಂದು ಬರೆದಿರುತ್ತದೆ. ಇಚ್ಛೆ ಯಾರದು? ಕೂಸಿಗೆ ಹೇಳಲು ಬಾರದು, ತಂದೆಗೆ ತಿಳಿಯದು, ವೈದ್ಯರಿಗೆ ವಿವರಿಸಲು ಪುರುಸೊತ್ತು ಸಾಲದು. ಈ ಇಚ್ಛೆಯನ್ನು ವಿವೇಕದಿಂದ ನಡೆಸುವುದು ಹೇಗೆ ಎಂಬುದನ್ನು ಕುರಿತು ನಿಮ್ಮೊಡನೆ ನಾಲ್ಕು ಮಾತು ಆಡಬೇಕೆಂದಿದ್ದೇನೆ. ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳುವವನು. ಮದ್ದಿನ ಅಳತೆ ಹೇಳುವುದು ನನ್ನ ಕೆಲಸವಲ್ಲ. ತಂದೆತಾಯಿಗಳು ವೈದ್ಯರ ಮುಂದೆ ಕೂತಾಗ ಕೇಳತಕ್ಕ ಪ್ರಶ್ನೆಗಳನ್ನು ಅಣಿಗೊಳಿಸಿಕೊಡಬಹುದಾದರೆ ನನಗೆ ಅಷ್ಟೇ ಸಾಕು.

ಮೊದಲು ಮಾತಿನಿಂದಲೇ ಆರಂಭಿಸೋಣ. ಲಸಿಕೆ ಎಂಬುದು ಸಂಸ್ಕೃತದ ‘ಲಸೀಕಾ’ ಶಬ್ದದಿಂದ ಬಂದದ್ದು. ಚರ್ಮದ ಕೆಳಗೆ ಇದ್ದು, ಗಾಯವಾದಾಗ ಒಸರುವ ತಿಳಿಯಾದ ದ್ರವಕ್ಕೆ ಆಯುರ್ವೇದದಲ್ಲಿ ಆ ಹೆಸರು. ಹಿಂದೆ ಸಿಡುಬನ್ನು ತಡೆಯುವುದಕ್ಕಾಗಿ ಹಸುವಿನ ಸಿಡುಬಿನ ಗುಳ್ಳೆಯ ಇಂಥ ದ್ರವವನ್ನೇ ತೋಳಿನಲ್ಲಿ ಗೀರಿ ಸೇರಿಸುತ್ತಿದ್ದರಾದ್ದರಿಂದ ಹೆಸರು ಚೆನ್ನಾಗಿ ಒಪ್ಪಿತು. ಇಂಗ್ಲಿಷಿನ ‘ವ್ಯಾಕ್ಸಿನ್’ ಎಂಬ ಮಾತೂ ಹಸುವೆಂಬ ಅರ್ಥದ ಲ್ಯಾಟಿನ್ ಶಬ್ದದಿಂದಲೇ ಹುಟ್ಟಿದೆ. ನಮ್ಮ ಹಳ್ಳಿಗಳ ಹಿರಿಯರು ‘ಮೈಲಿ ಹಾಕಿಸುವುದು’ ಎನ್ನುತ್ತಿದ್ದರು. ಮೈಲಿ ಎಂದರೆ ಸಿಡುಬು. ಆ ಹೆಸರನ್ನು ಬಾಯಿಬಿಟ್ಟು ಹೇಳಲು ಅಂಜಿದವರು ‘ಅಮ್ಮ’ ಎಂದರು. ಐವತ್ತು ದಾಟಿದ ಅನೇಕರ ತೋಳಿನ ಮೇಲೆ ಮೈಲಿ ಹಾಕಿದ ಗುರುತು ಈಗಲೂ ಕಾಣುತ್ತದೆ. ಅವರ ಮಕ್ಕಳ ತೋಳಿನಲ್ಲಿ ಅದು ಇಲ್ಲ. ಏಕೆಂದರೆ ರೋಗವೇ ಇಲ್ಲ.

ಆ ರೋಗ ಹೋದ ಕಥೆಯಲ್ಲಿ ನಮ್ಮ ನಾಡಿಗೂ ಒಂದು ಪಾಲುಂಟು. ಎಡ್ವರ್ಡ್ ಜೆನ್ನರ್ ೧೭೯೬ರಲ್ಲಿ ಇಂಗ್ಲೆಂಡಿನಲ್ಲಿ ಗೋಸಿಡುಬಿನ ಲಸಿಕೆಯನ್ನು ಪರೀಕ್ಷಿಸಿದ. ೧೮೦೨ರಲ್ಲಿ ಅದು ಬಾಗ್ದಾದ್, ಬಸ್ರಾಗಳ ಮಾರ್ಗವಾಗಿ ಮುಂಬಯಿಗೆ ಬಂದಿತು. ಮೂರೇ ವರ್ಷದ ಮೇಲೆ, ೧೮೦೫ರಲ್ಲಿ, ಥಾಮಸ್ ಹಿಕಿ ಎಂಬ ಚಿತ್ರಕಾರ ಮೈಸೂರು ಅರಮನೆಯ ಮೂವರು ಸ್ತ್ರೀಯರ ಚಿತ್ರವೊಂದನ್ನು ಬರೆದ. ಅವರಲ್ಲಿ ಒಬ್ಬರು ಸೀರೆಯ ಸೆರಗನ್ನು ಸರಿಸಿ ತೋಳನ್ನು ತೋರಿಸುವಂತೆ ನಿಂತಿದ್ದಾರೆ. ಅವರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿಯರಲ್ಲೊಬ್ಬರಾದ ದೇವಾಜಮ್ಮಣ್ಣಿ ಎಂದೂ, ಪ್ರಜೆಗಳು ಅಂಜದೆ ಲಸಿಕೆ ಹಾಕಿಸಿಕೊಳ್ಳಲೆಂದು ತಮ್ಮ ತೋಳನ್ನು ತೋರಿಸುತ್ತಿದ್ದಾರೆಂದೂ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅರ್ಥಮಾಡಿದ್ದಾರೆ. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು ೧೯೭೫ರಲ್ಲಿ. ೧೯೮೦ರಲ್ಲಿ ಜಗತ್ತೇ ಆ ರೋಗದಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ನಮ್ಮ ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಇಂದಿಗೂ ಜನ ಕಿಕ್ಕಿರಿದು ಸೇರುತ್ತಾರೆ. ಸಿಡುಬು ಹೋಯಿತು, ಜಾತ್ರೆ ಹೋಗಲಿಲ್ಲ. ದೇವರಿಗೆ ಕೈಮುಗಿಯುವುದಕ್ಕೂ ಮಗುವಿಗೆ ಲಸಿಕೆ ಹಾಕಿಸುವುದಕ್ಕೂ ಯಾವ ಜಗಳವೂ ಇಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಇನ್ನು ನಮ್ಮ ಪಟ್ಟಿಗೆ ಬರೋಣ. ನಮ್ಮ ಶಾಸ್ತ್ರಗಳಲ್ಲಿ ಕರ್ಮವನ್ನು ನಿತ್ಯ, ನೈಮಿತ್ತಿಕ, ಕಾಮ್ಯ ಎಂದು ಮೂರು ಬಗೆಯಾಗಿ ವಿಂಗಡಿಸುವುದುಂಟು. ತಪ್ಪದೆ ಮಾಡತಕ್ಕದ್ದು ನಿತ್ಯ. ಒಂದು ನಿಮಿತ್ತ ಒದಗಿದಾಗ ಮಾಡತಕ್ಕದ್ದು ನೈಮಿತ್ತಿಕ. ಒಂದು ಫಲವನ್ನು ಬಯಸಿ, ಶಕ್ತಿಯಿದ್ದರೆ ಮಾಡತಕ್ಕದ್ದು ಕಾಮ್ಯ. ನಿತ್ಯವನ್ನು ಬಿಟ್ಟು ಕಾಮ್ಯವನ್ನು ಮಾಡಿದವನನ್ನು ಯಾರೂ ಜಾಣನೆನ್ನುವುದಿಲ್ಲ. ಲಸಿಕೆಗಳನ್ನೂ ಹೀಗೆಯೇ ಮೂರು ಗುಂಪು ಮಾಡಿ ನೋಡಿದರೆ ಅರ್ಧ ಗೊಂದಲ ತಾನಾಗಿ ಕಳೆಯುತ್ತದೆ.

ನಿತ್ಯವೆನಿಸಿದವು ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದವು. ಆ ಹೆಸರಿನಲ್ಲಿ ಇದು ನಮ್ಮ ದೇಶದಲ್ಲಿ ಆರಂಭವಾದದ್ದು ೧೯೮೫ರಲ್ಲಿ. ಕೂಸು ಹುಟ್ಟಿದ ಕೂಡಲೆ ಕ್ಷಯಕ್ಕೆ ಬಿ.ಸಿ.ಜಿ., ಪೋಲಿಯೋ ಹನಿ, ಇಪ್ಪತ್ತನಾಲ್ಕು ಗಂಟೆಯೊಳಗೆ ಹೆಪಟೈಟಿಸ್ ಬಿ. ಅನಂತರ ೬, ೧೦, ೧೪ನೆಯ ವಾರಗಳಲ್ಲಿ ಐದು ರೋಗಗಳಿಗೆ ಒಂದೇ ಸೂಜಿಯ ಪೆಂಟಾವಲೆಂಟ್. ಇದು ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳನ್ನೂ, ಹೆಪಟೈಟಿಸ್ ಬಿ ಮತ್ತು ಹಿಬ್ ಎಂಬ ಜೀವಾಣುವಿನಿಂದ ಬರುವ ಮಿದುಳುಪೊರೆಯ ಉರಿಯನ್ನೂ ತಡೆಯುತ್ತದೆ. ಅದರೊಡನೆ ಪೋಲಿಯೋ, ಬೇಧಿಗೆ ರೋಟಾ ಹನಿ, ಪುಪ್ಪುಸದ ಜ್ವರಕ್ಕೆ ನ್ಯುಮೋಕಾಕಲ್ ಲಸಿಕೆ. ಒಂಬತ್ತು ತಿಂಗಳು ತುಂಬಿದ ಮೇಲೆ ದಡಾರ-ರುಬೆಲ್ಲಾ. ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಅದರ ಎರಡನೆಯ ಸಲ, ಜೊತೆಗೆ ಡಿ.ಪಿ.ಟಿ. ಬೂಸ್ಟರ್. ಇವೆಲ್ಲಕ್ಕೂ ಬಡವ ಬಲ್ಲಿದನೆನ್ನದೆ ಒಂದು ಕಾಸಿನ ಖರ್ಚೂ ಇಲ್ಲ.

ಪುಕ್ಕಟೆಯಾದದ್ದು ಕೀಳು, ದುಡ್ಡು ಕೊಟ್ಟದ್ದು ಮೇಲು ಎಂಬ ಭಾವನೆ ಪೇಟೆಯ ಮನೆಗಳಲ್ಲಿ ಬೇರೂರಿದೆ. ಅಂಥವರು ಒಂದು ಸಂಗತಿಯನ್ನು ಗಮನಿಸಬೇಕು. ಹೆಪಟೈಟಿಸ್ ಬಿ ಲಸಿಕೆ ಒಂದು ಕಾಲಕ್ಕೆ ಹಣವಂತರ ಮಕ್ಕಳಿಗಷ್ಟೇ ಸಿಗುತ್ತಿತ್ತು. ೨೦೧೧ರ ಹೊತ್ತಿಗೆ ದೇಶಕ್ಕೆಲ್ಲ ಬಂದಿತು. ರೋಟಾ ಲಸಿಕೆ ೨೦೧೬ರಲ್ಲಿ ನಾಲ್ಕು ರಾಜ್ಯಗಳಲ್ಲಿ ಆರಂಭವಾಗಿ ೨೦೧೯ರಲ್ಲಿ ಎಲ್ಲೆಡೆ ಹರಡಿತು. ಸಾವಿರಾರು ರೂಪಾಯಿ ಬೆಲೆಯ ನ್ಯುಮೋಕಾಕಲ್ ಲಸಿಕೆ ೨೦೧೭ರಲ್ಲಿ ಕೆಲವು ಕಡೆ ಬಂದು ೨೦೨೧ರಲ್ಲಿ ಎಲ್ಲ ಮಕ್ಕಳ ಪಾಲಿಗೂ ದೊರೆಯಿತು. ಅಂದರೆ ನಿನ್ನೆಯ ಕಾಮ್ಯವೇ ಇಂದಿನ ನಿತ್ಯ. ‘ಐಚ್ಛಿಕ’ ಎಂಬ ಮಾತಿಗೆ ‘ನಿಷ್ಪ್ರಯೋಜಕ’ ಎಂದು ಅರ್ಥವಲ್ಲ; ‘ಇದಿಲ್ಲದೆ ಮಗು ಉಳಿಯದು’ ಎಂದೂ ಅರ್ಥವಲ್ಲ. ನಾಡಿನ ಎಲ್ಲ ಮಕ್ಕಳಿಗೂ ಕೊಡುವ ಭಾರವನ್ನು ಸರ್ಕಾರದ ಬೊಕ್ಕಸ ಇನ್ನೂ ಹೊತ್ತಿಲ್ಲ ಎಂದಷ್ಟೇ ಅದರ ಅರ್ಥ.

ಈ ನಿತ್ಯಕ್ಕೆ ನಮ್ಮ ಸೀಮೆಯಲ್ಲಿ ಅಡ್ಡಿ ಬರುವುದು ಹಣದಿಂದಲ್ಲ, ವಾಡಿಕೆಯಿಂದ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಚಳ್ಳಕೆರೆಗೆ ಕೊಟ್ಟ ಮಗಳು ಮೊಳಕಾಲ್ಮೂರಿಗೆ ಬರುತ್ತಾಳೆ; ಮೊಳಕಾಲ್ಮೂರಿನ ಸೊಸೆ ಗಡಿಯಾಚೆಯ ರಾಯದುರ್ಗಕ್ಕೆ ಹೋಗುತ್ತಾಳೆ. ಬಾಣಂತಿತನ ಮೂರು ತಿಂಗಳೋ ಐದು ತಿಂಗಳೋ ನಡೆಯುತ್ತದೆ. ೬, ೧೦, ೧೪ನೆಯ ವಾರಗಳು ಬಂದು ಹೋಗುವುದು ಸರಿಯಾಗಿ ಆ ಹೊತ್ತಿಗೇ. “ಬಾಣಂತಿ ಹೊಸಿಲು ದಾಟಬಾರದು, ಎಳೆಗೂಸಿಗೆ ಗಾಳಿ ತಾಕೀತು, ಗಂಡನ ಮನೆಗೆ ಹೋದಮೇಲೆ ಹಾಕಿಸಿದರಾಯಿತು” ಎಂದು ಅಜ್ಜಿ ಹೇಳುತ್ತಾರೆ. ಗಂಡನ ಮನೆಯವರು “ತವರಿನಲ್ಲಿ ಹಾಕಿಸಿಯೇ ಇರುತ್ತಾರೆ” ಎಂದುಕೊಳ್ಳುತ್ತಾರೆ. ಎರಡು ಮನೆಗಳ ನಡುವೆ ಮಗು ಬರಿಗೈಯಲ್ಲಿ ಉಳಿಯುತ್ತದೆ. ಬಾಣಂತಿಯನ್ನೂ ಕೂಸನ್ನೂ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇರಿಸುವ ವಾಡಿಕೆ ಉಳಿದಿರುವ ಕಡೆಗಳಲ್ಲಂತೂ ಈ ಅಪಾಯ ಇಮ್ಮಡಿ.

ನಾಯಿಕೆಮ್ಮು ಅತಿ ಹೆಚ್ಚು ಜೀವ ತೆಗೆಯುವುದು ಮೊದಲ ಆರು ತಿಂಗಳೊಳಗಿನ ಕೂಸುಗಳನ್ನು. ಆ ವಯಸ್ಸು ಕಳೆದಮೇಲೆ ಸೂಜಿ ಹಾಕಿಸಿದರೆ ಬೆಳೆ ಒಣಗಿದ ಮೇಲೆ ನೀರು ಕಟ್ಟಿದಂತೆ. ಆದುದರಿಂದ ಬಾಣಂತನಕ್ಕೆ ಹೋಗುವಾಗ ಅಂಟಿನುಂಡೆಯ ಡಬ್ಬಿಯ ಜೊತೆಗೆ ತಾಯಿ ಕಾರ್ಡನ್ನೂ ಕಟ್ಟಿಕೊಡಿ. ದೇಶದ ಯಾವ ಊರಿನ ಸರ್ಕಾರಿ ಕೇಂದ್ರದಲ್ಲಾದರೂ ಅದನ್ನು ತೋರಿಸಿದರೆ ಮುಂದಿನ ಲಸಿಕೆ ಹಾಕುತ್ತಾರೆ. ಊರು ಬೇರೆ, ರಾಜ್ಯ ಬೇರೆ ಎಂಬ ಭೇದವಿಲ್ಲ. ಹಾಗೊಂದು ವೇಳೆ ತಡವಾಗಿದ್ದರೂ ಕೈಚೆಲ್ಲಬೇಕಾಗಿಲ್ಲ, ಮೊದಲಿನಿಂದ ಆರಂಭಿಸಬೇಕಾಗಿಯೂ ಇಲ್ಲ; ನಿಂತ ಕಡೆಯಿಂದ ಮುಂದುವರಿಸುತ್ತಾರೆ. ನೆಗಡಿ, ಸಣ್ಣ ಕೆಮ್ಮು ಇವು ಲಸಿಕೆಯನ್ನು ಮುಂದೂಡಲು ಕಾರಣವಲ್ಲ.

ನಿತ್ಯ ಕಾಮ್ಯಗಳು ತಲೆಕೆಳಗಾಗುವುದು ಹೇಗೆಂಬುದಕ್ಕೆ ಒಂದು ನಿದರ್ಶನ ಹೇಳುತ್ತೇನೆ. ರೇಷ್ಮೆ ಸೀರೆ ನೇಯುವ ಮೊಳಕಾಲ್ಮೂರಿನ ತರುಣನೊಬ್ಬ, ಹಿಂದೆ ನನ್ನಲ್ಲಿ ಓದಿದವನು, ಒಂದು ದಿನ ಪಟ್ಟಿಯೊಂದನ್ನು ಹಿಡಿದು ಬಂದ. ಖಾಸಗಿ ಚಿಕಿತ್ಸಾಲಯವೊಂದರಲ್ಲಿ ಕೊಟ್ಟದ್ದು. ಸೀತಾಳೆ ಸಿಡುಬು, ಕಾಮಾಲೆ, ಫ್ಲೂ, ಇನ್ನೂ ಒಂದೆರಡು. ಒಟ್ಟು ಮೊತ್ತ ಅವನ ಮಗ್ಗದ ಮಜೂರಿಗೆ ಮೀರಿದ್ದು. “ಸಾರ್, ಮಾಲೀಕರ ಹತ್ತಿರ ಮುಂಗಡ ತಗೊಂಡಾದರೂ ಎಲ್ಲಾ ಹಾಕಿಸಿಬಿಡಲೇನು? ಹಾಕಿಸದಿದ್ದರೆ ತಪ್ಪು ಮಾಡಿದಂಗಾಗುತ್ತೇನೋ ಅಂತ ಮನೆಯಾಕೆ ಅಳ್ತಾಳೆ” ಎಂದ. “ತಾಯಿ ಕಾರ್ಡ್ ಎಲ್ಲಪ್ಪಾ?” ಎಂದು ಕೇಳಿದೆ. ತಂದು ತೋರಿಸಿದ. ಮಗುವಿಗೆ ಹನ್ನೊಂದು ತಿಂಗಳು. ಒಂಬತ್ತನೆಯ ತಿಂಗಳ ದಡಾರದ ಲಸಿಕೆಯ ಮನೆ ಖಾಲಿಯಾಗಿತ್ತು. ಯಾರೂ ಬೇಡವೆಂದಿರಲಿಲ್ಲ. ಆ ಗುರುವಾರ ಊರಿನಲ್ಲಿರಲಿಲ್ಲ, ಮುಂದಿನ ಗುರುವಾರ ಮರೆತಿತ್ತು, ಅಷ್ಟೆ. ದಡಾರದ ರೋಗಿಯೊಬ್ಬನಿಂದ ರಕ್ಷಣೆಯಿಲ್ಲದ ಹನ್ನೆರಡರಿಂದ ಹದಿನೆಂಟು ಮಂದಿಗೆ ರೋಗ ಹರಡಬಲ್ಲುದು. ಅದು ಪುಪ್ಪುಸಕ್ಕೆ, ಕಣ್ಣಿಗೆ, ಕೆಲವೊಮ್ಮೆ ಮಿದುಳಿಗೆ ಇಳಿಯುತ್ತದೆ. ಮುಂಗಡದ ಸಾಲದ ಯೋಚನೆಯಲ್ಲಿದ್ದ ಮನೆಯವರಿಗೆ ಅಂಗನವಾಡಿಯಲ್ಲಿ ಪುಕ್ಕಟೆ ಸಿಗುವ ಅದೊಂದು ಸೂಜಿ ಕಾಣದೆಹೋಗಿತ್ತು. ಅದೇ ವಾರ ಹಾಕಿಸಿದರು. ಉಳಿದ ಪಟ್ಟಿಯನ್ನು ಆಮೇಲೆ ಸಾವಧಾನವಾಗಿ ಕೂತು ನೋಡಿದೆವು. ನೀವೂ ಅದೇ ಕ್ರಮವನ್ನು ಹಿಡಿಯಿರಿ. ತಾಯಿ ಕಾರ್ಡಿನಲ್ಲಿ ಖಾಲಿ ಮನೆಯೊಂದಿರುವವರೆಗೆ ದುಡ್ಡಿನ ಪಟ್ಟಿಯನ್ನು ಬಿಚ್ಚಲೇಬೇಡಿ.

ಇನ್ನು ನೈಮಿತ್ತಿಕ. ಇವು ಎಲ್ಲ ಮಕ್ಕಳಿಗೂ ಎಲ್ಲ ಕಾಲಕ್ಕೂ ಬೇಡ. ನಿಮಿತ್ತ ಬಂದಾಗ ಮಾತ್ರ ಬಿಡುವಂತಿಲ್ಲ. ನಾಯಿ ಕಚ್ಚಿದಾಗ ಹುಚ್ಚುನಾಯಿ ರೋಗದ ಲಸಿಕೆ ಐಚ್ಛಿಕವಲ್ಲ; ಅದು ಜೀವನ್ಮರಣದ ಪ್ರಶ್ನೆ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಹೇಳಿದಷ್ಟೂ ಸೂಜಿಗಳನ್ನು ಮುಗಿಸಬೇಕು. ಜಪಾನೀ ಮಿದುಳುಜ್ವರದ ಲಸಿಕೆಯನ್ನು ರೋಗದ ಭಯವಿರುವ ಜಿಲ್ಲೆಗಳಲ್ಲಿ ಸರ್ಕಾರವೇ ಹಾಕುತ್ತದೆ. ನಿಮ್ಮ ಕೇಂದ್ರದ ಆರೋಗ್ಯ ಕಾರ್ಯಕರ್ತೆಯನ್ನು ಕೇಳಿದರೆ ಹೇಳುತ್ತಾರೆ. ತಾಯಿಗೆ ಹೆಪಟೈಟಿಸ್ ಬಿ ಇದ್ದರೆ ಕೂಸಿಗೆ ಹುಟ್ಟಿದ ಹನ್ನೆರಡು ಗಂಟೆಯೊಳಗೆ ಲಸಿಕೆಯ ಜೊತೆ ಬೇರೊಂದು ಮದ್ದೂ ಬೇಕಾಗುತ್ತದೆ. ಗುಲ್ಮ ತೆಗೆದಿರುವ, ಹೃದಯದ ದೋಷವಿರುವ, ರೋಗನಿರೋಧಕ ಶಕ್ತಿ ಕುಂದಿರುವ ಮಕ್ಕಳಿಗೆ ಬೇರೆಯದೇ ಪಟ್ಟಿ ಉಂಟು. ಅದನ್ನು ನೆರೆಮನೆಯವರನ್ನು ನೋಡಿ ನಿರ್ಣಯಿಸುವಂತಿಲ್ಲ.

ಈಗ ಕಾಮ್ಯ. ಇಲ್ಲಿ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ರೋಗ ಬಂದರೆ ಎಷ್ಟು ಕೆಡುಕು? ನಮ್ಮೂರಿನಲ್ಲಿ, ನಮ್ಮ ಮನೆಯಲ್ಲಿ ಅದು ಬರುವ ಸಂಭವ ಎಷ್ಟು? ಈ ಹಣ ಹೋದರೆ ಮಗುವಿನ ಹಾಲು, ಮೊಟ್ಟೆ, ಬೇಳೆಗಳಲ್ಲಿ ಏನಾದರೂ ಕಡಿಮೆಯಾಗುತ್ತದೆಯೆ? ಮೂರನೆಯ ಪ್ರಶ್ನೆಗೆ ‘ಹೌದು’ ಎಂಬ ಉತ್ತರ ಬಂದರೆ ಮೊದಲ ಎರಡನ್ನು ಇನ್ನೂ ಕಟ್ಟುನಿಟ್ಟಾಗಿ ಕೇಳಬೇಕು.

ನಮ್ಮ ಎರಡು ತಾಲ್ಲೂಕುಗಳ ಮಟ್ಟಿಗೆ ಹೇಳುವುದಾದರೆ, ನಾನು ಮೊದಲ ಸ್ಥಾನ ಕೊಡುವುದು ವಿಷಮಶೀತಜ್ವರದ, ಎಂದರೆ ಟೈಫಾಯ್ಡಿನ ಲಸಿಕೆಗೆ. ರಾಜ್ಯದಲ್ಲಿಯೇ ಕಡಿಮೆ ಮಳೆ ಬೀಳುವ ಸೀಮೆ ನಮ್ಮದು. ಬೇಸಗೆಯಲ್ಲಿ ಟ್ಯಾಂಕರಿನ ನೀರು, ಕೊಡದಲ್ಲಿ ದಿನಗಟ್ಟಲೆ ತುಂಬಿಟ್ಟ ನೀರು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ತೇರಿಗೆ ಹೋದರೆ ಅಲ್ಲಿ ಸಿಕ್ಕಿದ ನೀರು, ಬಿಡಿಸಿಟ್ಟ ಹಣ್ಣು. ಟೈಫಾಯ್ಡು ಹರಡುವುದು ಇಂಥ ದಾರಿಯಲ್ಲಿಯೇ. ಅದರ ಮೇಲೆ ಈ ರೋಗದ ಜೀವಾಣು ಹಲವು ಔಷಧಗಳಿಗೆ ಬಗ್ಗದಂತಾಗಿದೆ. ಈಗಿನ ಟೈಫಾಯ್ಡ್ ಕಾಂಜುಗೇಟ್ ಲಸಿಕೆಯನ್ನು ಆರು ತಿಂಗಳು ತುಂಬಿದ ಮಗುವಿಗೆ ಒಂದೇ ಸಲ ಕೊಟ್ಟರೆ ಸಾಕು. ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸಿದ ಇಂಥ ಲಸಿಕೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆಯೂ ದೊರೆತಿದೆ. ಒಂದೇ ಒಂದು ಐಚ್ಛಿಕ ಲಸಿಕೆಗೆ ಶಕ್ತಿಯುಳ್ಳ ಮನೆಯವರು ಇದನ್ನು ಕುರಿತು ವೈದ್ಯರನ್ನು ಕೇಳಬೇಕೆಂದು ನನ್ನ ಸಲಹೆ.

ಎರಡನೆಯದು ಹೆಪಟೈಟಿಸ್ ಎ, ಎಂದರೆ ನೀರಿನಿಂದ ಹರಡುವ ಕಾಮಾಲೆ. ಇದರಲ್ಲೊಂದು ವಿಚಿತ್ರವುಂಟು. ತೀರ ಎಳೆಯ ಮಕ್ಕಳಿಗೆ ಅದು ತಗುಲಿದರೆ ಬಹುಮಟ್ಟಿಗೆ ಗೊತ್ತಾಗದಂತೆ ಬಂದು ಹೋಗುತ್ತದೆ, ಬಾಳೆಲ್ಲ ರಕ್ಷಣೆ ಉಳಿಯುತ್ತದೆ. ದೊಡ್ಡವರಾದಮೇಲೆ ಮೊದಲ ಸಲ ಬಂದರೆ ಹಾಸಿಗೆ ಹಿಡಿಸುತ್ತದೆ. ಅಪರೂಪಕ್ಕೆ ಜೀವಕ್ಕೂ ಸಂಚಕಾರ. ಅಂದಮೇಲೆ ಶೋಧಿಸಿದ ನೀರನ್ನೇ ಕುಡಿದು ಬೆಳೆಯುವ ಪೇಟೆಯ ಮಗುವಿಗೆ, ಮುಂದೆ ಹಾಸ್ಟೆಲಿಗೆ ಹೋಗಲಿರುವ ಮಗುವಿಗೆ, ಈ ಲಸಿಕೆಯ ಉಪಯೋಗ ಹೆಚ್ಚು. ಇದಕ್ಕೆ ಅವಸರವಿಲ್ಲ, ವರ್ಷ ತುಂಬಿದ ಮೇಲೆ, ಕೈಯಲ್ಲಿ ಹಣವಾದಾಗ ಹಾಕಿಸಬಹುದು.

ಮೂರನೆಯದು ಮಂಗನಬಾವು. ಸರ್ಕಾರ ಕೊಡುವುದು ದಡಾರ-ರುಬೆಲ್ಲಾ. ಖಾಸಗಿಯವರು ಕೊಡುವ ಎಂ.ಎಂ.ಆರ್. ನಲ್ಲಿ ಇವೆರಡರ ಜೊತೆ ಮಂಗನಬಾವೂ ಸೇರಿದೆ. ೨೦೨೪ರ ಆರಂಭದಲ್ಲಿ ಕೇರಳದಲ್ಲಿ ಸಾವಿರಾರು ಮಕ್ಕಳಿಗೆ ಮಂಗನಬಾವು ಬಂದಿತ್ತು. ಬಹಳ ಮಂದಿಗೆ ಅದು ವಾರದಲ್ಲಿ ಇಳಿಯುತ್ತದೆ. ಕೆಲವರಿಗೆ ಕಿವಿ ಕೆಡುವುದು, ಪ್ರಾಯದ ಹುಡುಗರಿಗೆ ವೃಷಣದ ಉರಿ ಬರುವುದು ಉಂಟು. ಎಂ.ಎಂ.ಆರ್. ಹಾಕಿಸಿದರೆ ತಾಯಿ ಕಾರ್ಡಿನಲ್ಲಿ ಬರೆಯಿಸಿ, ಅಂಗನವಾಡಿಯ ನರ್ಸಮ್ಮನವರಿಗೂ ತಿಳಿಸಿ. ಬರವಣಿಗೆಯಿಲ್ಲದ ಲಸಿಕೆ ಹಾಕಿಸಿಯೂ ಹಾಕಿಸದಂತೆ.

ನಾಲ್ಕನೆಯದು ಸೀತಾಳೆ ಸಿಡುಬು. ಇದು ಹಳೆಯ ಸಿಡುಬಲ್ಲ. ಎರಡಕ್ಕೂ ‘ಅಮ್ಮ’ ಎನ್ನುವುದರಿಂದ ಜನ ಬೆರೆಸುತ್ತಾರೆ. ಮಕ್ಕಳಲ್ಲಿ ಇದು ಸಾಮಾನ್ಯವಾಗಿ ಸೌಮ್ಯ. ದೊಡ್ಡವರಲ್ಲಿ, ಗರ್ಭಿಣಿಯರಲ್ಲಿ, ಕ್ಯಾನ್ಸರಿನಂಥ ರೋಗಕ್ಕೆ ಔಷಧ ಪಡೆಯುತ್ತಿರುವವರಲ್ಲಿ ಕ್ರೂರ. ಲಸಿಕೆಗೆ ಹದಿನೈದು ತಿಂಗಳಿನಿಂದ ಎರಡು ಸಲದ ಕ್ರಮ. ಮನೆಯಲ್ಲಿ ಅಂಥ ರೋಗಿಗಳಿದ್ದರೆ ಇದರ ಬೆಲೆ ಹೆಚ್ಚುತ್ತದೆ. ಇದಕ್ಕೂ ಎಂ.ಎಂ.ಆರ್.ಗೂ ಒಂದೇ ದಿನ ಹಾಕಿಸಬೇಕು, ಇಲ್ಲವೆ ನಾಲ್ಕು ವಾರ ಬಿಡಬೇಕು ಎಂಬ ನಿಯಮವನ್ನು ನೆನಪಿಡಿ. ಐದನೆಯದು ಫ್ಲೂ. ಆರು ತಿಂಗಳಿನಿಂದ ಆರಂಭಿಸಿ ಪ್ರತಿವರ್ಷವೂ ಹಾಕಿಸತಕ್ಕದ್ದು. ವೈರಸ್ಸು ವರ್ಷ ವರ್ಷವೂ ವೇಷ ಬದಲಿಸುವುದೇ ಅದಕ್ಕೆ ಕಾರಣ. ದಮ್ಮು, ಹೃದಯದ ತೊಂದರೆ ಇರುವ ಮಕ್ಕಳಿಗೆ ಇದು ಬಹಳ ಬೇಕಾದದ್ದು.

‘ನೋವಿಲ್ಲದ ಸೂಜಿ’ ಎಂಬ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ಪೆಂಟಾವಲೆಂಟಿಗೆ ಬದಲಾಗಿ ಜ್ವರ, ನೋವು ಕಡಿಮೆ ಬರುವ ಬೇರೊಂದು ಬಗೆ ಹಣಕ್ಕೆ ದೊರೆಯುತ್ತದೆ. ಮಗು ಅಳುವುದು ಕಡಿಮೆಯಾಗುವುದು ನಿಜ. ಆದರೆ ಸರ್ಕಾರದ ಲಸಿಕೆಯಲ್ಲಿರುವ ಹಳೆಯ ಬಗೆಯ ನಾಯಿಕೆಮ್ಮಿನ ಅಂಶದ ರಕ್ಷಣೆ ಹೆಚ್ಚು ಕಾಲ ಬಾಳುತ್ತದೆಂದು ತಜ್ಞರು ಕಂಡಿದ್ದಾರೆ. ಒಂದೆರಡು ದಿನದ ಜ್ವರ, ತೊಡೆಯ ಊತ ಇವು ದೇಹ ಪಾಠ ಕಲಿಯುತ್ತಿರುವುದರ ಗುರುತು. ವೈದ್ಯರು ಹೇಳಿದ ಅಳತೆಯ ಜ್ವರದ ಮದ್ದು, ತಾಯಿಯ ಹಾಲು ಸಾಕು. ಸೂಜಿ ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲಿಯೇ ಕೂತಿರಬೇಕು. ಮಗು ಎಡೆಬಿಡದೆ ಮೂರು ಗಂಟೆ ಚೀರಿದರೆ, ಫಿಟ್ಸ್ ಬಂದರೆ, ಉಸಿರಿಗೆ ಕಷ್ಟಪಟ್ಟರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಇಂಥದು ಅಪರೂಪ, ಅಪರೂಪವೆಂದು ಮರೆಯುವುದೂ ಬೇಡ, ನೆನೆದು ನಡುಗುವುದೂ ಬೇಡ.

ಪುಷ್ಯ ನಕ್ಷತ್ರದ ದಿನ ಮಕ್ಕಳಿಗೆ ಸ್ವರ್ಣಬಿಂದು ಹಾಕಿಸುವ ಪದ್ಧತಿ ಈಗ ಹೆಚ್ಚಿದೆ. ಸ್ವರ್ಣಪ್ರಾಶನದ ಮಾತು ಕಾಶ್ಯಪಸಂಹಿತೆಯಲ್ಲಿ ಬಂದಿರುವುದು ನಿಜ. ಆದರೆ ಅದು ದಡಾರಕ್ಕೋ ಗಂಟಲಮಾರಿಗೋ ಲಸಿಕೆಯ ಬದಲು ಎಂದು ತಿಳಿದರೆ ಕೆಟ್ಟೆವು. ಕೈಫೋನಿನಲ್ಲಿ ಬರುವ ಭಯದ ಸುದ್ದಿಗಳೂ ಅಷ್ಟೆ. ಎಂ.ಎಂ.ಆರ್. ಲಸಿಕೆಯಿಂದ ಮಕ್ಕಳಿಗೆ ಆಟಿಸಂ ಬರಬಹುದೆಂದು ೧೯೯೮ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಹನ್ನೆರಡೇ ಮಕ್ಕಳ ಆಧಾರದ ಮೇಲೆ ಒಂದು ಲೇಖನ ಬಂದಿತ್ತು. ೨೦೧೦ರಲ್ಲಿ ಪತ್ರಿಕೆಯೇ ಅದನ್ನು ಹಿಂತೆಗೆದುಕೊಂಡಿತು. ಲಕ್ಷಾಂತರ ಮಕ್ಕಳನ್ನು ಪರೀಕ್ಷಿಸಿ ಆ ಮಾತು ಸುಳ್ಳೆಂದು ಕಂಡಿದ್ದರೂ ಭಯ ಮಾತ್ರ ಇನ್ನೂ ಫೋನಿನಿಂದ ಫೋನಿಗೆ ಹಾರುತ್ತಿದೆ. ಸುದ್ದಿಗೆ ಕಾಲಿಲ್ಲದಿದ್ದರೂ ಅದು ಓಡುತ್ತದೆ. ಸತ್ಯ ಚಪ್ಪಲಿ ಹುಡುಕುತ್ತಾ ಕೂತಿರುತ್ತದೆ.

ಕೊನೆಗೆ ಒಂದು ಮಾತು. ಐಚ್ಛಿಕ ಲಸಿಕೆ ಹಾಕಿಸಲಾರದ ತಂದೆತಾಯಿ ಪ್ರೀತಿ ಕಡಿಮೆಯಾದವರಲ್ಲ. ಹಾಕಿಸಿದವರು ಹಣದ ಮದದಿಂದ ಹಾಕಿಸಿದವರೂ ಅಲ್ಲ. ಟೈಫಾಯ್ಡಿನ ಲಸಿಕೆ ಹಾಕಿಸಲಾಗದ ಮನೆಯಲ್ಲಿ ನೀರನ್ನು ಕುದಿಸಿ ಆರಿಸಿ ಕುಡಿಸಿದರೆ, ಕೈ ತೊಳೆದು ಉಣಿಸಿದರೆ, ಅದೂ ರಕ್ಷಣೆಯೇ. ಲಸಿಕೆ ಹಾಕಿಸಿದವರು ಇದನ್ನು ಬಿಡುವಂತೆಯೂ ಇಲ್ಲ. ಸಾಲ ಮಾಡಿ ಕಾಮ್ಯವನ್ನು ನಡೆಸಬೇಡಿ. ಸೋಮಾರಿತನದಿಂದ ನಿತ್ಯವನ್ನು ಬಿಡಬೇಡಿ. ನಿಮ್ಮ ಮನೆಯ ಕೂಸಿಗೆ ದಡಾರದ ಸೂಜಿ ಬಿದ್ದರೆ, ರೋಗನಿರೋಧಕ ಶಕ್ತಿಯಿಲ್ಲದ ನೆರೆಮನೆಯ ಕೂಸಿಗೂ ಬೇಲಿ ಕಟ್ಟಿದಂತೆ. ಹೊಲಕ್ಕೆ ಹಾಕಿದ ಬೇಲಿಯಲ್ಲಿ ಒಂದು ಗಿಡದಷ್ಟು ಸಂದಿ ಬಿಟ್ಟರೂ ದನ ನುಗ್ಗುವುದು ಅಲ್ಲಿಂದಲೇ ಎಂಬುದನ್ನು ಶೇಂಗಾ ಬೆಳೆಯುವ ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ.

ಇಂದು ಸಂಜೆ ದೀಪ ಹಚ್ಚಿದ ಮೇಲೆ ಪೆಟ್ಟಿಗೆಯಲ್ಲಿರುವ ತಾಯಿ ಕಾರ್ಡನ್ನು ತೆಗೆದು ಒಮ್ಮೆ ನೋಡಿ. ಖಾಲಿ ಮನೆಯಿದ್ದರೆ ಬರುವ ಗುರುವಾರ ನೆನಪಿರಲಿ. ನಿಮ್ಮ ಮಕ್ಕಳು ನೂರು ಕಾಲ ಬಾಳಲಿ.